ಬಾಯಲ್ಲಿ ಕಲಿಸಿದ ಬೇಸ್‌ಬಾಲ್

ಗೊತ್ತಿಲ್ಲದ್ದನ್ನು ಕಲಿಸುವುದಕ್ಕೆ ಒಂದು ಬಗೆಯ ಧೈರ್ಯ ಬೇಕು. ನಮ್ಮಂಥ ದೈಹಿಕ ಶಿಕ್ಷಕರಿಗೆ ಅದು ವಿಸಿಲ್ಲಿನ ಜೊತೆಗೇ ಬರುತ್ತದೆ. ನನಗೆ ಗೊತ್ತಿರುವ ಆಟ ಕಬಡ್ಡಿ ಒಂದೇ. ಆದರೆ ಬಂಟ್ವಾಳದ ಕಡೆ ಕಬಡ್ಡಿ ಆಡುವವರು ಮನೆಗೊಬ್ಬರು. ತಂಡ ಕಟ್ಟಿ ಗೆಲ್ಲುವುದು ಹರಸಾಹಸ. ಹುಡುಗಿಯರ ಬೇಸ್‌ಬಾಲ್ ತಂಡಗಳೋ, ಇಡೀ ಜಿಲ್ಲೆಯಲ್ಲಿ ನಮ್ಮದು ಬಿಟ್ಟರೆ ಮೂಡುಬಿದಿರೆಯದೊಂದು. ಒಂದೇ ಪಂದ್ಯ ಗೆದ್ದರೆ ನೇರ ಮುಂದಿನ ಮಟ್ಟಕ್ಕೆ! ಇದನ್ನೇ ನಮ್ಮ ಮುಖ್ಯೋಪಾಧ್ಯಾಯರು ಕ್ರೀಡಾಪ್ರೇಮ ಎಂದು ಕರೆಯುತ್ತಾರೆ.

ಕಬಡ್ಡಿ ಹುಡುಗಿಯರನ್ನೇ ಹಿಡಿದು ಬೇಸ್‌ಬಾಲಿಗೆ ಇಳಿಸಿದೆ. ನಾಯಕಿ ನರಿಕೊಂಬು ಊರಿನ ಅಫ್ರೀನಾ, ಹತ್ತನೇ ತರಗತಿ. ಗೆದ್ದು ಮುಂದೆ ಹೋದರೆ ಕ್ರೀಡಾ ಕೋಟಾದಲ್ಲಿ ಒಳ್ಳೆಯ ಕಾಲೇಜು ಸಿಗುತ್ತದೆಂದು ಅವಳಿಗೆ ಆಸೆ ಹುಟ್ಟಿಸಿದವನೂ ನಾನೇ.

ಈ ಆಟದಲ್ಲಿ ಜಾರುವುದೇ ದೊಡ್ಡ ವಿದ್ಯೆ. ಓಡಿ ಬಂದು, ಒಂದು ಕಾಲು ಮಡಚಿ, ಇನ್ನೊಂದನ್ನು ಚಾಚಿ, ಕುಂಡೆಯ ಮೇಲೆ ಜಾರಿಕೊಂಡು ಹೋಗಿ ಬೇಸ್ ಎಂಬ ದಿಂಬನ್ನು ಮುಟ್ಟಬೇಕು. ಮೊಬೈಲಿನಲ್ಲಿ ನೋಡಿದರೆ ಬಹಳ ಸುಲಭ. ನಮ್ಮ ಮೈದಾನದಲ್ಲಿ ಮಾತ್ರ ಕೆಂಪು ಮುರಕಲ್ಲಿನ ಚೂಪು ಹರಳು. ಗುರುವಲ್ಲವೇ, ನಾನೇ ಮೊದಲು ಜಾರಿದೆ. ಅರ್ಧ ದಾರಿಯಲ್ಲಿ ಪ್ಯಾಂಟು ಹರಿಯಿತು, ದಿಂಬು ಇದ್ದಲ್ಲೇ ಇತ್ತು.

“ಸರ್, ಹೀಗೇ ಜಾರ್ಬೇಕಾ, ಬೇರೆ ರೀತಿಯೂ ಉಂಟಾ?” ಎಂದು ಅಫ್ರೀನಾ ಭಾರೀ ವಿನಯದಿಂದ ಕೇಳಿದಳು.

ಮನೆಯಲ್ಲಿ ಹೆಂಡತಿ ಪ್ಯಾಂಟನ್ನು ಬೆಳಕಿಗೆ ಹಿಡಿದು ತೂತಿನಾಚೆಯಿಂದ ನನ್ನನ್ನೇ ನೋಡಿದಳು. “ಎಂತ ಮಾರಾಯ್ರೆ ಇದು? ಆಡ್ಲಿಕ್ಕೆ ಮಕ್ಕಳಿದ್ದಾರೆ. ನೀವು ಬಾಯಲ್ಲಿ ಹೇಳಿದ್ರೆ ಸಾಕು.”

ಅಂದಿನಿಂದ ಬಾಯಲ್ಲೇ ಕಲಿಸಿದೆ. ಟಾರ್ಪಾಲು ಹಾಸಿ ನೀರು ಸುರಿದೆವು. ಹುಡುಗಿಯರು ಮೀನಿನಂತೆ ಜಾರಿದರು. ಆದರೆ ದಿಂಬು ಮುಟ್ಟಿದ್ದೇ ತಡ, ಪ್ರತಿಯೊಬ್ಬಳೂ ಎದ್ದು ಹಿಂದಕ್ಕೆ ಓಟ! ಕಬಡ್ಡಿಯಲ್ಲಿ ಎದುರಾಳಿಯನ್ನು ಮುಟ್ಟಿದವರು ತಮ್ಮ ಅಂಕಣಕ್ಕೆ ಮರಳಬೇಕಲ್ಲ, ಕಾಲಿಗೆ ಅದೇ ಅಭ್ಯಾಸ. “ಅಲ್ಲೇ ನಿಲ್ಲಿ, ಪೆದ್ದುಗಳಾ!” ಎಂದು ಕಿರುಚಿ ಕಿರುಚಿ ನನ್ನ ಗಂಟಲು ಬಿತ್ತು. ಕೊನೆಗೆ ಆ ಚಾಳಿ ಬಿಡಿಸಿದೆ. ಅವರದ್ದು.

ಪಂದ್ಯ ಮೂಡುಬಿದಿರೆಯಲ್ಲಿ. ಕೊನೆಯ ಸರದಿ, ನಾವು ಒಂದು ಓಟ ಹಿಂದೆ, ಇನ್ನೊಬ್ಬಳು ಔಟಾದರೆ ಆಟವೇ ಮುಗಿಯಿತು. ಅಫ್ರೀನಾ ಮೂರನೇ ಬೇಸಿನತ್ತ ಓಡಿದಳು, ಧೂಳೆಬ್ಬಿಸಿ ಜಾರಿದಳು, ಮುಟ್ಟಿದಳು. ಎಂಥ ಜಾರುವಿಕೆ! ಅಂಪೈರ್ ಎರಡೂ ಕೈ ಚಾಚಿ ಸೇಫ್ ಎಂದರು. ನನ್ನ ಬಾಯಲ್ಲಿದ್ದ ವಿಸಿಲ್ಲು ಜಾರಿ ಕೆಳಗೆ ಬಿತ್ತು. ಗೆರೆಯಾಚೆ ಹಾರಿ ಹಾರಿ ಕೂಗಿದೆ: “ಮುಟ್ಟಿದೆ! ಬಾ, ಬಾ, ವಾಪಸ್ ಬಾ!”

ಗುರುವಿನ ಮಾತು ಮೀರದ ಹುಡುಗಿ. ಎದ್ದು ಹಿಂದಕ್ಕೆ ಓಡಿದಳು. ಎದುರು ತಂಡದವಳು ಚೆಂಡು ಹಿಡಿದ ಕೈಯಿಂದ ಅವಳ ಬೆನ್ನು ತಟ್ಟಿದಳು. ಬೇಸ್ ಬಿಟ್ಟವಳಿಗೆ ಚೆಂಡು ತಾಗಿದರೆ ಔಟ್. ಅಲ್ಲಿಗೆ ಪಂದ್ಯ ಮುಗಿಯಿತು.

ದೂರದ ನೆರಳಿನಲ್ಲಿ ಕೂತಿದ್ದ ಮುಖ್ಯೋಪಾಧ್ಯಾಯರು ಬಂದು ಕಾರಣ ಕೇಳಿದರು. “ಏನು ಮಾಡೋದು ಸರ್, ಈ ಮಕ್ಕಳಿಗೆ ಇನ್ನೂ ಕಬಡ್ಡಿಯ ಅಭ್ಯಾಸ ಹೋಗ್ಲಿಲ್ಲ” ಎಂದೆ. ಅಫ್ರೀನಾ ಹಿಂದೆಯೇ ನಿಂತಿದ್ದಳು. ಅವರು ಹೋದ ಮೇಲೆ ಕೆಳಗೆ ಬಿದ್ದಿದ್ದ ನನ್ನ ವಿಸಿಲ್ಲನ್ನು ಎತ್ತಿ, ಧೂಳು ಒರೆಸಿ ಕೈಗಿತ್ತಳು.

“ಮುಂದಿನ ವರ್ಷ ಇದು ಬಾಯಲ್ಲೇ ಇರ್ಲಿ ಸರ್. ನಾನು ಇರುವುದಿಲ್ಲ. ಆದ್ರೂ ಉಳಿದವರು ಇದ್ದಾರಲ್ಲ.”