ನಲವತ್ತೆರಡನೇ ಕುಂಡ

ನಲವತ್ತೊಂದನೇ ಕುಂಡ ಮನೆಯೊಳಗೆ ಕಾಲಿಟ್ಟ ದಿನವೇ ಯಮುನಾ ಸುಗ್ರೀವಾಜ್ಞೆ ಹೊರಡಿಸಿದಳು.

"ರೀ, ಇನ್ನೊಂದೇ ಒಂದು ಗಿಡ ದುಡ್ಡು ಕೊಟ್ಟು ತಂದ್ರೆ, ಇರೋ ಅಷ್ಟನ್ನೂ ಬಾಡಿಗೆ ಮನೆಯವ್ರಿಗೆ ಹಂಚಿಬಿಡ್ತೀನಿ. ನನ್ ಬಚ್ಚಲಮನೇಲಿ ಸ್ನಾನ ಮಾಡಕ್ಕೆ ನಾನು ಆ ಜರೀಗಿಡದ ಪರ್ಮಿಷನ್ ಕೇಳ್ಬೇಕಾ?"

ನಂದೀಶ ತಲೆಯಾಡಿಸಿದ. ಗಂಡನಾದವನು ಇಂಥ ಸಮಯದಲ್ಲಿ ಮಾಡಬಹುದಾದ ವೀರಕಾರ್ಯ ಅದೊಂದೇ.

ಚಂದಾಪುರದ ಹಳೇ ಊರಿನ ರೈತರ ಮನೆ ಅದು. ಅಪ್ಪ ಚಿಕ್ಕಬೈರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಹದಿನೆಂಟು ಬಾಡಿಗೆ ಮನೆಗಳು ಬೆಳೆದಿವೆ. ಹುಡುಗನಾಗಿದ್ದಾಗ ನಂದೀಶನಿಗೆ ಹೊಲವೆಂದರೆ ಆಗುತ್ತಿರಲಿಲ್ಲ. "ಕಳೆ ಕೀಳ್ ಬಾರ್ಲಾ" ಎಂದು ಅಪ್ಪ ಕೂಗಿದ ಕೂಡಲೇ ಹೊಟ್ಟೆನೋವು ಶುರುವಾಗುತ್ತಿತ್ತು. ಮುದ್ದೆಯ ತಟ್ಟೆ ಮುಂದೆ ಬಂದ ಕೂಡಲೇ ವಾಸಿಯಾಗುತ್ತಿತ್ತು. ಈಗ ಹೊಲ ಹೋಗಿ, ತಲೆ ನರೆತ ಮೇಲೆ, ಅದೇ ನಂದೀಶನಿಗೆ ಸಸ್ಯಪ್ರೇಮ ಉಕ್ಕಿ ಹರಿದಿತ್ತು. ಟಿವಿ ಪಕ್ಕ, ಫ್ರಿಜ್ ಮೇಲೆ, ಮೆಟ್ಟಿಲ ತುಂಬ ಕುಂಡಗಳು. ಅಪ್ಪ ಮಾತ್ರ ಬೆಳಗಾದರೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನಾವ್ ತಿನ್ನಂಗಿಲ್ಲ, ದನಕ್ ಆಕಂಗಿಲ್ಲ. ಇದ್ಯಾವ್ ಬೆಳೆಲಾ?"

ಆಜ್ಞೆಯಲ್ಲಿ ಗಿಡ ತರಬಾರದು ಎಂದಿತ್ತೇ ಹೊರತು ಗಿಡ ನೋಡಬಾರದು ಎಂದಿರಲಿಲ್ಲ. ಹಾಗಾಗಿ ಭಾನುವಾರ ಬಂತೆಂದರೆ ನಂದೀಶ ಸ್ಕೂಟರ್ ಹತ್ತಿ ನರ್ಸರಿ ಯಾತ್ರೆಗೆ ಹೊರಟುಬಿಡುತ್ತಿದ್ದ. ಆಹಾ, ಅದೆಂಥ ಸುಖ! ಆನೇಕಲ್ ರಸ್ತೆಯಲ್ಲಿ ಟೈರ್ ಪಂಕ್ಚರ್ ಅಂಗಡಿಗೂ ಸಿಮೆಂಟ್ ರಿಂಗ್ ಅಂಗಡಿಗೂ ನಡುವೆ ಒಂದು ಓಣಿಯಷ್ಟೇ ಅಗಲದ ನರ್ಸರಿ. ಒಳಗೆ ಹೋದರೆ ಹೊರಗೆ ಬರಲು ಹಿಮ್ಮುಖವಾಗಿಯೇ ನಡೆಯಬೇಕು. ಮನೆ ಕಟ್ಟಲು ಬಿಡದ ಹೈಟೆನ್ಷನ್ ತಂತಿಯ ಕೆಳಗೆ ಇನ್ನೊಂದು. ಅಲ್ಲಿನ ಚನ್ನವೀರಪ್ಪ ಗಿಡಗಳಿಗೆ ರೇಡಿಯೊ ಹಾಕಿ, "ವಾರ್ತೆ ಬಂದಾಗ ಆಫ್ ಮಾಡ್ತೀನಿ ಸಾರ್, ಬಾಡ್ತವೆ" ಎನ್ನುತ್ತಿದ್ದ. ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಡಿದರೆ ಸಾಕು, ನಂದೀಶನ ವಯಸ್ಸು ಮೂವತ್ತು ವರ್ಷ ಇಳಿದುಬಿಡುತ್ತಿತ್ತು.

ಐದನೇ ಭಾನುವಾರ ಗೌರಿ ಎಂಬಾಕೆಯ ನರ್ಸರಿಯಲ್ಲಿ, ಹಸಿರು ಪರದೆಯ ನೆರಳಲ್ಲಿ, ಅವನಿಗೆ ಅದು ಕಂಡಿತು. ಅಗಲವಾದ ಐದು ಎಲೆಗಳ ಮಾನ್‌ಸ್ಟೆರಾ. ಪ್ರತಿ ಎಲೆಯೂ ಅರ್ಧ ಹಸಿರು, ಅರ್ಧ ಹಾಲಿನಂತೆ ಬಿಳಿ. ಮೊಬೈಲಿನಲ್ಲಿ ಎರಡು ವರ್ಷದಿಂದ ನೋಡಿ ನೋಡಿ ನಿಟ್ಟುಸಿರಿಟ್ಟಿದ್ದ ಗಿಡ!

"ಬಹಳ ಅಪರೂಪ ಸಾರ್. ಬೇಕು ಅಂದ್ರೆ ಇವತ್ತೇ ತಗೊಳ್ಳಿ, ವೈಟ್‌ಫೀಲ್ಡಿಂದ ಒಬ್ರು ಮೇಡಂ ಕೇಳವ್ರೆ" ಎಂದಳು ಗೌರಿ. ಬೆಲೆಯನ್ನೂ ಹೇಳಿದಳು. (ಆ ಅಂಕಿಯನ್ನು ಇಲ್ಲಿ ಬರೆಯುವಂತಿಲ್ಲ. ಈ ಕಥೆ ಅತ್ತೆ ಮನೆಯವರ ಕೈಗೆ ಸಿಗಬಹುದು.) ಬುದ್ಧಿ ಬೇಡ ಎನ್ನುವಷ್ಟರಲ್ಲಿ ಫೋನ್ ತಾನಾಗಿ ಹೊರಬಂದು ಸ್ಕ್ಯಾನ್ ಮಾಡಿಬಿಟ್ಟಿತು.

ಈಗ ಮನೆ ಸೇರಬೇಕಲ್ಲ! ಗಿಡವನ್ನು ಸ್ಕೂಟರಿನ ಕಾಲಬಳಿ ಕೂರಿಸಿಕೊಂಡು ಬರುವಾಗ, ರೈಲ್ವೆ ಗೇಟಿನ ಬಳಿ ನಿಂತಾಗ, ಅವನಿಗೊಂದು ದಿವ್ಯ ಉಪಾಯ ಹೊಳೆಯಿತು.

"ಇದೇನ್ರೀ ಇದು?" ಬಾಗಿಲಲ್ಲೇ ಯಮುನಾ ಸೊಂಟಕ್ಕೆ ಕೈಯಿಟ್ಟಳು.

"ಪಾಪ ಕಣೇ, ರೋಗ ಬಂದಿರೋ ಗಿಡ. ನೋಡು, ಎಲೆ ಎಲ್ಲ ಬಿಳಿಚ್ಕೊಂಡಿದೆ. ನರ್ಸರಿಯವ್ರು ತಿಪ್ಪೆಗೆ ಎಸೀತಾ ಇದ್ರು. ಹೊಟ್ಟೆ ಉರೀತು, ಸುಮ್ನೆ ಎತ್ಕೊಂಡ್ ಬಂದೆ. ಒಂದ್ ರೂಪಾಯಿ ಕೊಟ್ಟಿಲ್ಲ. ಹುಷಾರಾದ್ಮೇಲೆ ವಾಪಸ್ ಕೊಟ್ಬಿಡ್ತೀನಿ."

ಯಮುನಾಳ ಮುಖ ಮೆತ್ತಗಾಯಿತು. "ಅಯ್ಯೋ, ಇರ್ಲಿ ಬಿಡಿ, ಅದೂ ಒಂದು ಜೀವ ತಾನೇ" ಎಂದು ತಾನೇ ಒಂದು ಚೊಂಬು ನೀರು ತಂದಳು. ನಂದೀಶ ಒಳಗೊಳಗೇ ಕುಣಿದ.

ಕುಣಿತ ಮುಗಿಯುವ ಮೊದಲೇ ಜಗಲಿಯಿಂದ ಚಿಕ್ಕಬೈರಪ್ಪ ಎದ್ದು ಬಂದರು. 'ರೋಗ' ಎಂಬ ಮಾತು ಅವರ ಕಿವಿಗೆ ಬಿದ್ದಿತ್ತು. ಎಲೆ ಮಗುಚಿ ನೋಡಿದರು, ಉಜ್ಜಿದರು, ಮೂಸಿದರು.

"ಎಷ್ಟ್ ದಿನದಿಂದ ಇಂಗೈತೆ?"

"ಹುಟ್ಟಿದಾಗಿಂದ ಅಪ್ಪ."

"ಅಂಗಾರೆ ಬೇರಲ್ಲೇ ಐತೆ" ಎಂದು ಅಪ್ಪ ಅಂಗಳದ ಕರಿಬೇವಿನ ಕಡೆಗೊಮ್ಮೆ, ತುಳಸಿಯ ಕಡೆಗೊಮ್ಮೆ ನೋಡಿದರು. "ಒಂದ್ ಗಿಡದ್ ರೋಗ ಒಲನೆಲ್ಲ ನುಂಗಾಕ್ತದೆ." ಅಷ್ಟೇ ಹೇಳಿ ಹೋಗಿ ಕೂತರು. ನಂದೀಶ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ರೈತನ ಮಗನಾದವನು ಆ ಮಾತಿಗೆ ಬೆಚ್ಚಬೇಕಿತ್ತು.

ಮರುದಿನ ಬಾಡಿಗೆ ಮನೆಯ ಬೋರ್‌ವೆಲ್ ಮೋಟರ್ ಸುಟ್ಟುಹೋಗಿ, ಅದನ್ನು ರಿಪೇರಿ ಮಾಡಿಸಿಕೊಂಡು ಬರುವಷ್ಟರಲ್ಲಿ ಸಂಜೆಯಾಗಿತ್ತು. ಬಂದು ನೋಡಿದರೆ ಮಾನ್‌ಸ್ಟೆರಾ ಇದ್ದ ಜಾಗದಲ್ಲಿ ಬದನೆ, ಮೆಣಸಿನಕಾಯಿ, ನಿಂಬೆ, ನುಗ್ಗೆ ಸಸಿಗಳು ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಮಡಿ ಪಂಚೆ ಉಟ್ಟು ಅಪ್ಪ ನಿಂತಿದ್ದರು. ಹೊಲ ಬಿಟ್ಟ ಮೇಲೆ ಅವರ ಮುಖದಲ್ಲಿ ಅಂಥ ಕಳೆ ಯಾರೂ ಕಂಡಿರಲಿಲ್ಲ.

"ಅ... ಅಪ್ಪಾ, ಆ ಗಿಡ?"

"ಕುಂಡದ್ ಮೇಲೆ ಅಂಗ್ಡಿ ಎಸ್ರಿತ್ತಲ್ಲ, ಆಟೋ ಮಾಡ್ಕಂಡ್ ಓದೆ. ನನ್ ಮಗ ಮೆತ್ತುಗವ್ನೆ ಅಂತ ರೋಗದ್ ಗಿಡ ತಲೆಗ್ ಕಟ್ಟೀಯಾ ತಾಯಿ ಅಂತ ಇಡ್ಕಂಡೆ. ಆ ಎಣ್ಮಗ್ಳು, 'ಯಜಮಾನ್ರೆ, ಇದು ರೋಗ ಅಲ್ಲ, ಇದೇ ಇದ್ರ ಚೆಂದ' ಅಂತಾಳೆ! ನಂಗೇ ಏಳ್ಕೊಡ್ತಾಳೆ! ಆಮೇಲೆ, 'ನಿಮ್ ಮಗ ಏನ್ ಸುಮ್ಸುಮ್ನೆ ತಗಂಡೋಗಿಲ್ಲ' ಅಂದ್ಲು."

ಜಗಲಿಯಲ್ಲಿದ್ದ ಯಮುನಾ ಕಿವಿ ನಿಮಿರಿಸಿದಳು.

"'ಬಾಳ ಆಸೆಪಟ್ಟು ತಗಂಡೋಗವ್ರೆ' ಅಂದ್ಲು. ಆಸೆ ಯಾರ್ಗಿಲ್ಲ ಬಿಡವ್ವ ಅಂದು, ಬದ್ಲಿಗೆ ಈ ನಾಕ್ ಒಳ್ಳೆ ಸಸಿ ಕಿತ್ಕಂಡ್ ಬಂದೆ."

"ನೋಡ್ರೀ, ಗಿಡ ಅಂದ್ರೆ ಇದು" ಎಂದು ಯಮುನಾ ಮೆಣಸಿನ ಸಸಿಯ ತಲೆ ಸವರಿದಳು. "ಮಾವನ್ನ ನೋಡಿ ಕಲೀರಿ."

"ಒ... ಒಳ್ಳೇದು ಮಾಡ್ದೆ ಅಪ್ಪ" ಎಂದ ನಂದೀಶ. ಇರಲಾರದೆ ಇರುವೆ ಬಿಟ್ಟುಕೊಂಡದ್ದು ತಾನೇ, ಯಾರನ್ನು ಬೈಯುವುದು?

ಬೆಳಗಾಗುವುದೇ ತಡ, ಸ್ಕೂಟರ್ ಗೌರಿಯ ಮುಂದೆ ನಿಂತಿತ್ತು. ಪುಣ್ಯಾತ್ಗಿತ್ತಿ ಗಿಡವನ್ನು ಮಾರಿರಲಿಲ್ಲ. "ನಿಮ್ದೇ ಅಲ್ವಾ ಸಾರ್, ಎತ್ತಿಟ್ಟಿದ್ದೆ. ತಂದೆಯವ್ರನ್ನ ಸಮಾಧಾನ ಮಾಡಕ್ಕೆ ನಾಕು ಸಸಿ ಕೊಟ್ಟೆ ಅಷ್ಟೆ" ಎಂದು ನಕ್ಕಳು. ನಂದೀಶನಿಗೆ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಗೋಣಿಚೀಲ ಹೊದಿಸಿ, ಹಿತ್ತಲ ಬಾಗಿಲಿಂದ ಮಹಡಿಗೆ ಸಾಗಿಸುವ ಯೋಜನೆ ಹಾಕಿಕೊಂಡು ಮನೆಗೆ ಬಂದ.

ಹಿತ್ತಲಲ್ಲಿ ಅಪ್ಪ ಬದನೆಗೆ ಪಾತಿ ಮಾಡುತ್ತಿದ್ದರು. ಗೋಣಿಯ ಅಂಚಿನಿಂದ ಒಂದು ಬಿಳಿ ಎಲೆ ಇಣುಕಿತು.

"ಯಮುನಾ, ಬಾರವ್ವಾ! ಆ ರೋಗ ತಿರ್ಗಾ ಬಂತು!" ಎಂದು ಕೂಗಿ, ಗಿಡದ ಕುತ್ತಿಗೆಗೇ ಕೈ ಹಾಕಿದರು. ಕಿತ್ತೇಬಿಡುತ್ತಾರೆ!

"ಬೇಡಾ ಅಪ್ಪಾ! ಅದು ರೋಗ ಅಲ್ಲ! ದುಡ್ಡು ಕೊಟ್ಟು ತಂದಿದ್ದು!" ನಂದೀಶನ ಬಾಯಿಂದ ಸತ್ಯ ಹಾರಿಹೋಯಿತು.

"ಎಷ್ಟು?" ಯಮುನಾ ಬಾಗಿಲಲ್ಲಿ ನಿಂತಿದ್ದಳು.

ನಂದೀಶ ಹೇಳಿದ. ಹಿತ್ತಲಲ್ಲಿ ಕೋಳಿಯೂ ಸುಮ್ಮನಾಯಿತು. ಯಮುನಾ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಪ್ಪ ಮಾತ್ರ ಗಿಡದ ಕುತ್ತಿಗೆ ಬಿಟ್ಟು, ಎರಡೂ ಕೈಯಲ್ಲಿ ಕುಂಡವನ್ನು ಬಾಣಂತಿಮನೆಯ ಮಗುವಿನಂತೆ ಎತ್ತಿಕೊಂಡರು.

"ಇದ್ಕಾ? ಅಷ್ಟಾ?"

"ಊಂ ಅಪ್ಪ. ಒಂದೊಂದ್ ಎಲೆಗೂ ಜನ ಮುಗಿಬೀಳ್ತಾರೆ."

"ತುಂಡ್ ಮಾಡ್ ನೆಟ್ರೆ ಬತ್ತದಾ?"

"ಗಿಣ್ಣಿಗೊಂದು ಗಿಡ ಬರುತ್ತೆ" ಎಂದ ನಂದೀಶ, ತನ್ನ ಜ್ಞಾನ ಪ್ರದರ್ಶನದ ಹುಮ್ಮಸ್ಸಿನಲ್ಲಿ. (ಅಲ್ಲೇ ನಾಲಿಗೆ ಕಚ್ಚಿಕೊಳ್ಳಬೇಕಿತ್ತು.)

ಅಪ್ಪ ಕಣ್ಣು ಮುಚ್ಚಿ ಏನೋ ಲೆಕ್ಕ ಹಾಕಿದರು. "ಲೇ, ಇದ್ ಬಿಟ್ಟು ರಾಗಿ ಬೆಳ್ದು ಸತ್ನಲ್ಲೋ ನಾನು!" ಎನ್ನುತ್ತಾ ಸೊಂಟದಿಂದ ಎಲೆಯಡಿಕೆಯ ಚಾಕು ತೆಗೆದು, ನಂದೀಶ ಬಾಯಿ ತೆರೆಯುವಷ್ಟರಲ್ಲಿ ಕಬ್ಬು ಕಡಿದಂತೆ ಮಾನ್‌ಸ್ಟೆರಾವನ್ನು ಐದು ತುಂಡು ಮಾಡಿದರು. ಎರಡು ವರ್ಷದ ಕನಸು ಚಕಚಕನೆ ಐದು ಹಾಲಿನ ಕವರು ಸೇರಿತು. ಯಮುನಾ ಎದ್ದಳು. ಸೆರಗು ಸಿಕ್ಕಿಸಿಕೊಂಡು ಮಣ್ಣು ತುಂಬಲು ಕೂತಳು.

"ಮಾವ, ಇವು ಚಿಗುರಿದ್ರೆ ಇಪ್ಪತ್ತೈದು. ಮತ್ತೆ ಚಿಗುರಿದ್ರೆ? ಜಾಗ ಸಾಲ್ದಲ್ಲಾ!"

"ಜಾಗಕ್ಕೇನವ್ವ" ಎಂದು ಅಪ್ಪ ತಲೆಯೆತ್ತಿ, ತೆರೆದ ಬಾಗಿಲಿಂದಲೇ ಟಿವಿ ಪಕ್ಕ, ಫ್ರಿಜ್ ಮೇಲೆ, ಮೆಟ್ಟಿಲ ತುಂಬ ಇದ್ದ ನಲವತ್ತೊಂದು ಕುಂಡಗಳ ಮೇಲೆ ಕಣ್ಣಾಡಿಸಿದರು. ಗೋಡೆಗೆ ಸಿಕ್ಕಿಸಿ ಹದಿನೈದು ವರ್ಷವಾಗಿದ್ದ ಕುಡುಗೋಲನ್ನು ಇಳಿಸಿ ಮಗನ ಕೈಗಿಟ್ಟರು.

"ನಂದೀಶ, ಆ ಕಳೆನೆಲ್ಲ ಕೀಳ್ ಬಾರ್ಲಾ."

ನಂದೀಶ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡ. "ಅಪ್ಪಾ, ಹೊಟ್ಟೆನೋವು..."

ಈ ಸಲ ಅದು ನಿಜವಾಗಿತ್ತು. ಆದರೆ ಚಿಕ್ಕಬೈರಪ್ಪ ಅದನ್ನು ಮೂವತ್ತೈದು ವರ್ಷದ ಹಿಂದೆಯೇ ನಂಬುವುದನ್ನು ಬಿಟ್ಟಿದ್ದರು.