ಬಂಗು ಬಂದ ಮೇಲೆ

ಮುಖದಲ್ಲೊಂದು ಕಲೆ ಇದ್ದರೆ ಸಾಕು, ಮುಂಬಯಿಯಲ್ಲಿ ದಿನಕ್ಕೊಂದು ತಮಾಷೆ ತಾನಾಗಿ ಹುಡುಕಿಕೊಂಡು ಬರುತ್ತದೆ. ಎಪ್ಪತ್ತರ ದಶಕದ ಆರಂಭ. ಕುರ್ಲಾದ ಚಾಳಿನಲ್ಲಿ ಮನೆ, ಫೋರ್ಟಿನ ಆಫೀಸೊಂದರಲ್ಲಿ ನನಗೆ ಟೈಪಿಸ್ಟ್ ಕೆಲಸ. ಎರಡನೇ ಬಸುರಿನಲ್ಲಿ ಎರಡೂ ಕೆನ್ನೆಗೆ ಕಂದು ಬಂಗು ಹರಡಿತು. ಮಗು ಹುಟ್ಟಿದ ಮೇಲೂ ಹೋಗಲಿಲ್ಲ. ಅಂಗಡಿಯ ಗಾಜು, ಸ್ಟೀಲ್ ತಟ್ಟೆ, ಎಲ್ಲಿ ಮುಖ ಕಂಡರೂ ನಿಂತು ನೋಡುವ ಚಟ ಹತ್ತಿತು.

ನಳ್ಳಿಯ ಹತ್ತಿರ

ಪಕ್ಕದ ಖೋಲಿಯ ಮರಾಠಿ ಅಜ್ಜಿ ಒಂದು ಬೆಳಿಗ್ಗೆ ನನ್ನ ಗಂಡನನ್ನು ನಳ್ಳಿಯ ಬಳಿ ಹಿಡಿದು, ತನ್ನ ಕೆನ್ನೆ ತಟ್ಟಿಕೊಂಡು, ನಿಮ್ಮ ಹೆಂಡತಿಗೆ "ವಾಂಗ್" ಆಗಿದೆ, ಸ್ವಲ್ಪ ಗಮನ ಕೊಡಿ ಎಂದರಂತೆ. ಮರಾಠಿಯಲ್ಲಿ ವಾಂಗ್ ಎಂದರೆ ಬಂಗು. ಉಡುಪಿಯಿಂದ ಬಂದು ವರ್ಷವಾಗದ ನನ್ನವರಿಗೆ ಗೊತ್ತಿದ್ದದ್ದು ವಾಂಗಿ, ಅಂದರೆ ಬದನೆಕಾಯಿ. ಸಂಜೆ ಚೀಲದ ತುಂಬ ಬದನೆ ತಂದರು.

"ಬದನೆ ತಿನ್ನುವ ಆಸೆ ಇದ್ದರೆ ನನಗೇ ಹೇಳಬಹುದಿತ್ತಲ್ಲ ಮಾರಾಯ್ತಿ!"

"ಅಜ್ಜಿ ಕೆನ್ನೆ ತೋರಿಸಿದರಲ್ಲ, ಅದು ಎಂತಕ್ಕೆ ಅಂತ ಗ್ರಹಿಸಿದ್ದು ನೀವು?"

"ಹಲ್ಲುನೋವಿರಬೇಕು, ಮೆತ್ತಗೆ ಬೇಯಿಸಿ ಕೊಡಬೇಕು ಅಂತ."

ಲಿಂಬೆಹಣ್ಣು

ಲೋಕಲ್ ರೈಲಿನಲ್ಲಿ ಯಾರೋ ಹೇಳಿದರೆಂದು ಲಿಂಬೆ ಉಜ್ಜಿದೆ. ಕೆನ್ನೆ ಉರಿದು ಕೆಂಪಾಗಿ, ಆಮೇಲೆ ಬಂಗು ಇನ್ನೂ ಕಪ್ಪಾಯಿತು. ಚರ್ಮದ ಡಾಕ್ಟರು ನೋಡಿ ಬೈದರು. "ಉಜ್ಜಿ ತೆಗೆಯಲಿಕ್ಕೆ ಇದು ಕೊಳೆಯಾ? ಬಸುರಿನಲ್ಲಿ ಹೀಗೆ ಬರುತ್ತದೆ, ಬಿಸಿಲು ಅದನ್ನು ಹೆಚ್ಚು ಮಾಡುತ್ತದೆ. ಮುಲಾಮು ಹಚ್ಚಿ, ಕೊಡೆ ಹಿಡಿಯಿರಿ. ತಿಂಗಳುಗಟ್ಟಲೆ ಬೇಕು."

"ಒಂದು ವಾರದಲ್ಲಿ ಹೋಗುವಂಥದ್ದು ಏನೂ ಇಲ್ಲವಾ ಡಾಕ್ಟ್ರೇ?"

"ಇದೆಯಲ್ಲ, ನಿಮ್ಮ ತಾಳ್ಮೆ!"

ಕೊಡೆ

ಜನವರಿಯ ಬಿಸಿಲಲ್ಲಿ ಕೊಡೆ ಬಿಡಿಸಿ ಆಫೀಸಿಗೆ ಹೋಗತೊಡಗಿದೆ. ಮೂರನೇ ದಿನ ನಮ್ಮ ಹೆಡ್ ಕ್ಲಾರ್ಕ್ ರೇನ್‌ಕೋಟ್ ಹಾಕಿಕೊಂಡು, ಬೆವರು ಸುರಿಸುತ್ತ ಬಂದು ನನ್ನ ಮೇಜಿನ ಮುಂದೆ ನಿಂತರು.

"ಬಾಯಿಯವರೇ, ದಿನಾ ಕೊಡೆ ತರುತ್ತೀರಿ. ಮಳೆ ಯಾವಾಗ ಅಂತ ಒಂದು ಸಲ ಸರಿಯಾಗಿ ಹೇಳಿಬಿಡಿ!"

ಪಾಸು

ರೈಲ್ವೆ ಪಾಸಿನ ಗುರುತುಚೀಟಿಗೆ ಫೋಟೋ ಬೇಕಿತ್ತು. ಸ್ಟುಡಿಯೋದವನು ನಾನು ಕೇಳದೆಯೇ ಬ್ರಷ್ ಆಡಿಸಿ ಬಂಗನ್ನೆಲ್ಲ ಅಳಿಸಿದ್ದ. ಎಷ್ಟು ಚೆಂದ ಕಂಡಿತೆಂದರೆ ಸುಮ್ಮನೆ ಅಂಟಿಸಿಕೊಂಡೆ.

ವಾರದೊಳಗೆ ವೀಟಿ ಸ್ಟೇಷನ್ನಿನ ಗೇಟಿನಲ್ಲಿ ಟಿಕೆಟ್ ಚೆಕರ್ ತಡೆದರು. ಫೋಟೋ ನೋಡಿದರು, ಸೆರಗಿನಂಚಿನಿಂದ ಇಣುಕುತ್ತಿದ್ದ ನನ್ನ ಬಂಗು ನೋಡಿದರು.

"ತಂಗಿಯ ಪಾಸಿನಲ್ಲಿ ಓಡಾಡುತ್ತೀರಾ?"

ಹಿಂದಿನಿಂದ ಜನ ನೂಕುತ್ತಿದ್ದಾರೆ, ಆಫೀಸಿಗೆ ಹೊತ್ತಾಗಿದೆ. ತಿಂಗಳುಗಟ್ಟಲೆ ಕೆನ್ನೆಗೆ ಸೆರಗು ಮುಚ್ಚಿ ಓಡಾಡಿದವಳು, ಇಡೀ ಸ್ಟೇಷನ್ನಿನ ಎದುರು ಸೆರಗು ಸರಿಸಿ ಕೂಗಿದೆ: "ಮೂಗು ನೋಡಿ! ಹುಬ್ಬಿನ ಮೇಲಿನ ಗಾಯ ನೋಡಿ! ನಾನೇ ಅದು! ಈ ಬಂಗನ್ನು ಮಾತ್ರ ಸ್ಟುಡಿಯೋದವನು ಒರೆಸಿ ಹಾಕಿದ್ದು!"

ಚೆಕರ್ ಎರಡು ಸಲ ಸಹಿ ಮಾಡಿಸಿ ತಾಳೆ ನೋಡಿದರು. ಪಾಸು ಹಿಂದೆ ಕೊಟ್ಟರು. ನಾನು ಹೊರಡುವಷ್ಟರಲ್ಲಿ ಪಕ್ಕಕ್ಕೆ ಕರೆದು, ಅತ್ತಿತ್ತ ನೋಡಿ, ಟೋಪಿಯನ್ನು ಸ್ವಲ್ಪವೇ ಎತ್ತಿದರು. ಒಳಗೆ ನುಣ್ಣಗೆ ಬೋಳು ತಲೆ.

"ಆ ಸ್ಟುಡಿಯೋದವನು," ಎಂದು ಪಿಸುಗುಟ್ಟಿದರು, "ಇದ್ದದ್ದನ್ನು ಅಳಿಸುವುದು ಮಾತ್ರವಾ, ಇಲ್ಲದ್ದನ್ನೂ ಹಾಕಿಕೊಡುತ್ತಾನಾ?"