ಆಫ್ ಮಾಡಬೇಡಿ ಎಂದಿತ್ತು, ನಾನು ಮಾಡಲಿಲ್ಲ!

ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದು ನಿವೃತ್ತನಾದವನು ನಾನು. ಬೋರ್ಡಿನ ಮೇಲೆ ಬರೆದದ್ದನ್ನು ಪಾಲಿಸುವುದು, ಪಾಲಿಸದವರನ್ನು ಗದರುವುದು ನನ್ನ ವೃತ್ತಿಧರ್ಮ. ‘ಕಿಟಕಿಯಿಂದ ಕೈ ಹೊರಗೆ ಹಾಕಬಾರದು’ ಎಂದು ಓದಿ ಓದಿ, ಈಗ ಮನೆಯ ಕಿಟಕಿಯಿಂದಲೂ ನನ್ನ ಕೈ ಹೊರಗೆ ಹೋಗುವುದಿಲ್ಲ! ಇಂಥ ಶಿಸ್ತಿನ ಮನುಷ್ಯನಿಂದ ಒಂದು ಕಂಪ್ಯೂಟರ್ ಕೆಡುವುದುಂಟೇ? ನೀವೇ ಹೇಳಿ.

ನನ್ನ ಹೆಂಡತಿ ಮಂಗಳ ಗುಂಡ್ಲುಪೇಟೆಯ ನಮ್ಮ ಮನೆಯಲ್ಲೇ ಎಂಬ್ರಾಯ್ಡರಿ ಮಿಷನ್ ಇಟ್ಟುಕೊಂಡಿದ್ದಾಳೆ. ಹಳೇ ಕಂಪ್ಯೂಟರಿನಲ್ಲಿ ಡಿಸೈನ್ ಬರೆದು, ಪೆನ್‌ಡ್ರೈವಿಗೆ ಹಾಕಿ, ಮಿಷನ್ನಿಗೆ ಚುಚ್ಚಿದರೆ ಅದು ಟಕಟಕ ಹೊಲಿಯುತ್ತದೆ. ಆ ವಾರ ಪಕ್ಕದ ಬೀದಿಯ ಶಿವಮ್ಮಕ್ಕನ ಮಗಳ ಮದುವೆ. ಧಾರೆಯ ಬ್ಲೌಸಿನ ಎರಡೂ ತೋಳಿಗೆ ನವಿಲು ಬೇಕೆಂದು ಹುಡುಗಿ ಆಸೆಪಟ್ಟಿದ್ದಳು. ಮಂಗಳ ಊಟ ನಿದ್ರೆ ಬಿಟ್ಟು ಆ ನವಿಲನ್ನು ಬರೆದಿದ್ದಳು. ಗರಿಗೊಂದು ಬಣ್ಣ! ಅದು ಇದ್ದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ. ಮದುವೆಗೆ ಉಳಿದದ್ದು ಎರಡೇ ದಿನ.

ಅಂದು ಬೆಳಿಗ್ಗೆ ಅವಳು ದಾರ ತರಲು ಪೇಟೆಗೆ ಹೋದಳು. ಕಂಪ್ಯೂಟರಿನ ಮೂಲೆಯಲ್ಲಿ ಒಂದು ಚೀಟಿ ಕಾಣಿಸಿಕೊಂಡಿತು: ಅಪ್‌ಡೇಟ್ ಮಾಡಿ. ಪಾಪ, ದಿನವೂ ಬಂದು ಕೇಳುತ್ತಿತ್ತು. ಮಂಗಳ ದಿನವೂ ‘ಆಮೇಲೆ’ ಎಂದು ಅಟ್ಟುತ್ತಿದ್ದಳು. ಬಾಗಿಲಿಗೆ ಬಂದವರನ್ನು ಹೀಗೆ ಅಟ್ಟುವುದು ನಮ್ಮ ಮನೆತನಕ್ಕೆ ತಕ್ಕುದಲ್ಲ ಎಂದುಕೊಂಡು ನಾನು ‘ಆಗಲಿ’ ಎಂದು ಒತ್ತಿದೆ.

ತೆರೆ ನೀಲಿಯಾಯಿತು. ನಡುವೆ ಬಿಳಿ ಚುಕ್ಕಿಗಳು ಸುತ್ತತೊಡಗಿದವು. ಕೆಳಗೆ ಕಟ್ಟುನಿಟ್ಟಿನ ಸೂಚನೆ: ಕಂಪ್ಯೂಟರನ್ನು ಆಫ್ ಮಾಡಬೇಡಿ. ಹತ್ತಾಯಿತು, ಇಪ್ಪತ್ತಾಯಿತು, ನೂರಕ್ಕೆ ಮೂವತ್ತಾಯಿತು. ಅಲ್ಲಿಗೇ ನಿಂತಿತು! ನಾನು ಸ್ನಾನ ಮಾಡಿ ಬಂದೆ, ಮೂವತ್ತು. ಉಪ್ಪಿಟ್ಟು ತಿಂದೆ, ಮೂವತ್ತು. ಮಂಗಳ ಬಂದಳು. ಆಗಲೂ ಮೂವತ್ತು.

“ರೀ! ಏನ್ರೀ ಮಾಡ್ಬುಟ್ರಿ? ನನ್ ನವಿಲು!”

“ಒಳಗೆ ಕೆಲಸ ನಡೀತಾ ಅದೆ ಕಣೆ, ತಾಳು.”

“ಕೆಲ್ಸಾನೂ ಇಲ್ಲ, ಕಾರ್ಯಾನೂ ಇಲ್ಲ. ಒಂದ್ಸಲ ಆಫ್ ಮಾಡಿ ಆನ್ ಮಾಡಿ.”

“ಆಫ್ ಮಾಡಬೇಡಿ ಅಂತ ಬರೆದವ್ರೆ. ಕಣ್ಣು ಕಾಣಲ್ವಾ ನಿಂಗೆ?”

ಅವಳು ತಲೆ ಚಚ್ಚಿಕೊಂಡು, ಇನ್ನೊಂದು ದಿನ ಕಾಯುವಿರಾ ಎಂದು ಕೇಳಲು ಶಿವಮ್ಮಕ್ಕನ ಮನೆಗೆ ಹೋದಳು. ಅವಳ ಕಣ್ಣಲ್ಲಿ ನೀರಿತ್ತು. ಗುಂಡ್ಲುಪೇಟೆಯ ರಿಪೇರಿಯವನಿಗೆ ಫೋನ್ ಮಾಡಿದರೆ ಅವನು ಊರಲ್ಲಿಲ್ಲ. ಚಾಮರಾಜನಗರದಲ್ಲಿ ಒಬ್ಬ ಮಾದೇಶ ಇದ್ದಾನೆ, ಅಲ್ಲಿಗೆ ಒಯ್ಯಿರಿ ಎಂದ. ಒಯ್ಯುವುದೇನೋ ಸರಿ. ಆಫ್ ಮಾಡದೆ ಒಯ್ಯುವುದು ಹೇಗೆ?

ದಾರಿ ಹೊಳೆಯಿತು. ಕಂಪ್ಯೂಟರಿನ ವೈರು ನೇರವಾಗಿ ಇನ್ವರ್ಟರಿಗೆ ಸೇರಿತ್ತು. ಇನ್ವರ್ಟರನ್ನೇ ಕರೆದುಕೊಂಡು ಹೋದರಾಯಿತಲ್ಲ! ಎದುರುಮನೆಯ ಸಿದ್ದರಾಜುವಿನ ಗೂಡ್ಸ್ ಆಟೋ ಬಂತು. ಟೊಮೆಟೊ ಕ್ರೇಟುಗಳ ನಡುವೆ ಬ್ಯಾಟರಿ, ಅದರ ಪಕ್ಕ ಇನ್ವರ್ಟರ್, ಅದರ ಪಕ್ಕ ಕಂಪ್ಯೂಟರ್ ಡಬ್ಬ, ತೊಡೆಯ ಮೇಲೆ ಉರಿಯುವ ಮಾನಿಟರ್ ಇಟ್ಟುಕೊಂಡ ನಾನು. ಡ್ರಿಪ್ ಹಾಕಿದ ರೋಗಿಯನ್ನು ಸಾಗಿಸಿದಂತೆ ಹೊರಟೆವು.

“ಅಣ್ಣೋ, ಆಫ್ ಮಾಡ್ಕಂಡ್ರೆ ಮುಂದ್ಗಡೆ ಆರಾಮಾಗ್ ಕೂತ್ಕಬೋದಲ್ಲ?” ಎಂದ ಸಿದ್ದರಾಜು.

“ನೀನು ಗಾಡಿ ನೋಡ್ಕೊಳೋ. ಹಂಪ್ ಬಂದ್ರೆ ನಿಧಾನ!”

ತೆರಕಣಾಂಬಿಯಲ್ಲಿ ಎದುರಿಗೆ ಕುರಿಮಂದೆ ಬಂದು ಆಟೋ ನಿಂತಿತು. ಟೀ ಅಂಗಡಿಯ ಮುಂದಿದ್ದ ಮುದುಕರೊಬ್ಬರು ಎದ್ದು ಬಂದರು.

“ಮ್ಯಾಚಾ? ಎಷ್ಟಾಯ್ತಪ್ಪ?”

“ಮೂವತ್ತು,” ಎಂದೆ, ಬೇರೆ ಧ್ಯಾನದಲ್ಲಿ.

“ಯಾವಾಗ ಸುರುವಾದದ್ದು?”

“ಬೆಳಿಗ್ಗೆ.”

“ಬೆಳಿಗ್ಗೆಯಿಂದ ಬರೀ ಮೂವತ್ತಾ? ಥೂ, ಇವ್ರ ಆಟಕ್ಕಷ್ಟು ಬೆಂಕಿ ಹಾಕ!” ಎಂದು ಬೇಸರಪಟ್ಟುಕೊಂಡು ಹೋದರು. ಅವರ ಬೇಸರದಲ್ಲಿ ನನಗೂ ಪಾಲಿತ್ತು.

ಚಾಮರಾಜನಗರದ ಅಂಗಡಿಯಲ್ಲಿ ಮಾದೇಶ ನಮ್ಮ ಮೆರವಣಿಗೆಯನ್ನು ನೋಡಿ ಎದ್ದು ನಿಂತ. ನಾನು ಅಪ್‌ಡೇಟಿನ ಆರಂಭ, ಬೆಳವಣಿಗೆ ಮತ್ತು ಸ್ತಂಭನವನ್ನು ವಿವರವಾಗಿ ನಿವೇದಿಸಿದೆ. ಅವನು ಪೂರ್ತಿ ಕೇಳಿದ. ಬಗ್ಗಿದ. ಪ್ಲಗ್ಗನ್ನು ಕಿತ್ತ!

“ಅಯ್ಯೋ!” ಎಂದು ನಾನು ಕಿರುಚಿದ್ದಕ್ಕೆ ಪಕ್ಕದ ಅಂಗಡಿಯವರು ಇಣುಕಿದರು.

ಅವನು ಮತ್ತೆ ಚುಚ್ಚಿ ಆನ್ ಮಾಡಿದ. ಕಂಪ್ಯೂಟರ್ ಒಂದಷ್ಟು ಹೊತ್ತು ಗೊಣಗಿ, ‘ಆಗಲಿಲ್ಲ, ಮೊದಲಿನಂತೆ ಮಾಡುತ್ತಿದ್ದೇನೆ’ ಎಂಬರ್ಥದ ಮಾತು ತೋರಿಸಿ, ಏನೂ ಆಗಿಲ್ಲವೆಂಬಂತೆ ಎದ್ದು ಕುಳಿತಿತು. ನವಿಲು ಗರಿಯೂ ಕೊಂಕದೆ ಇತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು.

“ಹಳೇ ಮಿಷನ್ ಸಾರ್, ಒಳಗೆ ಜಾಗಾನೇ ಇಲ್ಲ. ಅದ್ಕೇ ಅಪ್‌ಡೇಟು ಸಿಕ್ಕಾಕಂಡದೆ. ಈ ಶುಭೋದಯದ ವಿಡಿಯೋ ಎಲ್ಲಾ ಯಾರ್ದು ಸಾರ್?”

ನನ್ನವು. ಹೂವು, ದೀಪ, ಸೂರ್ಯೋದಯ. ಬಂದದ್ದನ್ನೆಲ್ಲ ಭಕ್ತಿಯಿಂದ ಕೂಡಿಟ್ಟಿದ್ದೆ. ಅವನ್ನು ಅಳಿಸಿ, ಅಪ್‌ಡೇಟನ್ನೂ ಮುಗಿಸಿ, ನವಿಲನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟ. ನಾನು ವಿಜಯೋತ್ಸಾಹದಲ್ಲಿ ಮನೆಗೆ ಫೋನ್ ಮಾಡಿದೆ.

“ಮಂಗಳಾ! ನವಿಲು ಸಿಕ್ತು ಕಣೆ!”

“ಒಳ್ಳೇದಾಯ್ತು. ಇಲ್ಲಿ ಕರೆಂಟ್ ಓಗ್ಬುಟ್ಟದೆ. ಸಾಯಂಕಾಲಕ್ಕೂ ಬರೋದು ಡೌಟಂತೆ. ಇನ್ವರ್ಟರ್ ಎಲ್ರೀ?”

“ನನ್... ನನ್ ಮುಂದೇನೇ ಅದೆ.”

ಅವಳು ಫೋನ್ ಇಟ್ಟುಬಿಟ್ಟಳು. ಬೈದಿದ್ದರೆ ಎಷ್ಟೋ ವಾಸಿ!

ಸಂಜೆ ಮನೆಗೆ ಬಂದು ಇನ್ವರ್ಟರ್ ಜೋಡಿಸಿದರೆ ಅದು ಕುಯ್ಯೆಂದು ಸುಮ್ಮನಾಯಿತು. ಚಾರ್ಜೆಲ್ಲ ದಾರಿಯುದ್ದಕ್ಕೂ ಮೂವತ್ತನ್ನು ತೋರಿಸುವುದರಲ್ಲೇ ಖರ್ಚಾಗಿತ್ತು. ಮಂಗಳ ಆಗಲೇ ಬಾಗಿಲ ಬೆಳಕಿನಲ್ಲಿ ಕುಳಿತು, ಬಟ್ಟೆಗೆ ರಿಂಗು ಹಾಕಿ, ಸೂಜಿಯಲ್ಲಿ ನವಿಲು ಎಬ್ಬಿಸುತ್ತಿದ್ದಳು. ನೆನಪಿನಿಂದಲೇ! ನನಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. ಸೂಜಿಗೆ ದಾರ ಪೋಣಿಸಿಕೊಡುವ ಹುದ್ದೆಗೆ ನನ್ನನ್ನು ನೇಮಿಸಿದಳು. ಅದರಲ್ಲೂ ಎರಡು ಸೂಜಿ ಕಳೆದೆ. ಮಾರನೇ ದಿನ ಕರೆಂಟು ಬಂದರೂ ಅವಳು ಮಿಷನ್ ಮುಟ್ಟಲಿಲ್ಲ. ಒಂದು ತೋಳು ಕೈಕೆಲಸ, ಒಂದು ತೋಳು ಮಿಷನ್ ಆದರೆ ನವಿಲುಗಳು ಅಕ್ಕತಂಗಿಯರಂತೆ ಕಾಣುವುದಿಲ್ಲವಂತೆ.

ಮದುವೆಮನೆಯಲ್ಲಿ ಹೆಂಗಸರೆಲ್ಲ ಹುಡುಗಿಯ ತೋಳು ಹಿಡಿದು ತಿರುಗಿಸಿ ನೋಡಿದ್ದೇ ನೋಡಿದ್ದು. “ಮಿಷನ್ದಲ್ವಂತೆ, ಕೈಲೇ ಆಕಿರೋದಂತೆ!” ಶಿವಮ್ಮಕ್ಕ ಮಂಗಳನ ಕೈ ಬಿಡಲೇ ಇಲ್ಲ. ಇದಕ್ಕೆಲ್ಲ ಮೂಲಕಾರಣ ನಾನೇ ಎಂದು ಒಳಗೊಳಗೇ ಬೀಗುತ್ತಾ ಊಟಕ್ಕೆ ಕುಳಿತೆ. ಪಕ್ಕದ ಎಲೆಯಲ್ಲಿದ್ದ ಹುಡುಗಿಯ ಸೋದರತ್ತೆ ಫೋನ್ ಚಾಚಿದರು.

“ಅಣ್ಣ, ನೀವು ಕಂಪ್ಯೂಟರ್ ಬಲ್ಲೋರಂತೆ. ಇದು ಅಪ್‌ಡೇಟ್ ಕೇಳ್ತಾ ಅದೆ, ಒಸಿ ನೋಡಿ.”

ನನ್ನ ಕೈ ತಾನಾಗಿ ಮುಂದಕ್ಕೆ ಹೋಯಿತು. ಎದುರು ಪಂಕ್ತಿಯಿಂದ ಮಂಗಳನ ದನಿ ಕೇಳಿತು: “ಬ್ಯಾಡ ಕಣಕ್ಕ! ಅವ್ರ ಕೈಗ್ ಕೊಟ್ರೆ ಗೂಡ್ಸ್ ಆಟೋನೂ ಕರೀಬೇಕಾಯ್ತದೆ!”

ಇಡೀ ಪಂಕ್ತಿ ನಕ್ಕಿತು. ನಾನು ಚಾಚಿದ ಕೈಯನ್ನು ಹಾಗೆಯೇ ಬಡಿಸುವವನ ಕಡೆ ತಿರುಗಿಸಿ, “ಇಲ್ಲೊಂದು ಸೌಟು ಪಾಯಸ” ಎಂದೆ. ಅದೊಂದು ಕೆಲಸ ಮಾತ್ರ ನನ್ನ ಕೈಯಲ್ಲಿ ಇದುವರೆಗೂ ಮೂವತ್ತಕ್ಕೆ ನಿಂತಿಲ್ಲ!